ಮೇಸ್ತ್ರಿ ಮುಚ್ಚಿದ ತೂತು

"ಗುರುಗಳೇ, ಮಾಡಿದ ಕೆಲಸದ ಬಗ್ಗೆ ಹೆಮ್ಮೆ ಪಡುವುದು ತಪ್ಪೇ?"

ಕೇಳಿದವನು ಚೆನ್ನವೀರ, ಮಠದಲ್ಲಿ ಹನ್ನೆರಡು ವರ್ಷ ಓದಿದ ಶಿಷ್ಯ. ಆ ವರ್ಷದ ಶ್ರಾವಣದಲ್ಲಿ ಪಕ್ಕದ ಪಟ್ಟಣಕ್ಕೆ ಹೋಗಿ ತಿಂಗಳಿಡೀ ಪ್ರವಚನ ಮಾಡಿ ಬಂದಿದ್ದ. ದಿನದಿನಕ್ಕೂ ಜನ ಹೆಚ್ಚಿದ್ದರು. ಇಂಥ ಮಾತು ಕೇಳಿರಲಿಲ್ಲ ಎಂದು ಹಿರಿಯರು ಕೈಮುಗಿದು ಹೇಳಿದ್ದರು. ಅದನ್ನೆಲ್ಲ ಗುರುಗಳಿಗೆ ಒಪ್ಪಿಸಿದ ಮೇಲೆ ಅವನು ಈ ಪ್ರಶ್ನೆ ಕೇಳಿದ.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕುಳಿತುಕೋ ಎಂದರು. ಅವನು ಕುಳಿತ ಮೇಲೆ ಹೇಳತೊಡಗಿದರು.

ಒಬ್ಬ ಮೇಸ್ತ್ರಿ ಇದ್ದ. ಉಗಿ ತುಂಬುವ ಟ್ಯಾಂಕುಗಳನ್ನು ಮಾಡುವವನು. ಮನೆಯ ಮೇಲೆ ನೀರಿಗೆಂದು ಇಡುತ್ತಾರಲ್ಲ, ಅಂಥ ಟ್ಯಾಂಕಲ್ಲ. ಇದರೊಳಗೆ ಉಗಿಯನ್ನು ಒತ್ತಿ ತುಂಬಿರುತ್ತಾರೆ. ಒಂದು ಸಂದು ಸಿಕ್ಕರೆ ಸಾಕು, ಹೊರಗೆ ನುಗ್ಗಲು ಅದು ಸದಾ ಕಾಯುತ್ತಿರುತ್ತದೆ. ಉಕ್ಕು ಎಲ್ಲಾದರೂ ಸೋತರೆ ಟ್ಯಾಂಕು ಸಿಡಿಯುತ್ತದೆ. ಆಗ ಪಕ್ಕದಲ್ಲಿ ನಿಂತವನು ಉಳಿಯುವುದಿಲ್ಲ.

ಸನ್ಯಾಸಿಗೆ ಇದೆಲ್ಲ ಹೇಗೆ ಗೊತ್ತು ಎಂದು ಹುಬ್ಬೇರಿಸಬೇಡ. ಮಠಕ್ಕೆ ಬರುವವರೆಲ್ಲ ಮೋಕ್ಷ ಕೇಳಲು ಬರುತ್ತಾರೆ ಅಂದುಕೊಂಡಿದ್ದೀಯಾ? ಎಷ್ಟೋ ಜನ ಬಂದು ತಮ್ಮ ಕೆಲಸದ ಮಾತಾಡಿ ಹೋಗುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಅದೇ ಹೆಚ್ಚು ಇಷ್ಟ.

ಆ ಮೇಸ್ತ್ರಿಗೆ ತನ್ನ ಕೆಲಸದ ಮೇಲೆ ಬಹಳ ಹೆಮ್ಮೆ. ಇಪ್ಪತ್ತು ವರ್ಷದಲ್ಲಿ ಅವನ ಒಂದು ಟ್ಯಾಂಕೂ ಸೋರಿರಲಿಲ್ಲ. ರಿಪೇರಿಗೆ ಬಾ ಎಂದು ಯಾರೂ ಅವನನ್ನು ಕರೆದಿರಲಿಲ್ಲ. ಬೇರೆಯವರ ಹತ್ತಿರ ಹೋದರೆ ತಿಂಗಳಲ್ಲಿ ಟ್ಯಾಂಕು ಸಿಗುತ್ತಿತ್ತು, ಇವನ ಹತ್ತಿರ ಆರು ತಿಂಗಳು ಕಾಯಬೇಕು. ಜನ ಕಾಯುತ್ತಿದ್ದರು. ಟ್ಯಾಂಕು ಮುಗಿದ ದಿನ ಹಿತ್ತಾಳೆಯ ಫಲಕದ ಮೇಲೆ ತನ್ನ ಹೆಸರು ಕೆತ್ತಿ, ತಾನೇ ಅದನ್ನು ಕೂರಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದ. ಆಗ ಅವನ ಕೈ ತಾನಾಗಿ ಮೀಸೆಗೆ ಹೋಗುತ್ತಿತ್ತು.

ನಾನು ಇದನ್ನು ತಪ್ಪು ಅನ್ನುವುದಿಲ್ಲ. ಇಪ್ಪತ್ತು ವರ್ಷ ಕಣ್ಣು ಕೆಂಪಾಗುವಂತೆ ಬೆಂಕಿಯ ಮುಂದೆ ಕೂತವನು ಮೀಸೆ ಮುಟ್ಟಿಕೊಳ್ಳದೆ ಮತ್ತೇನು ಮಾಡಬೇಕು? ಕೇಳು ಮುಂದೆ.

ಒಬ್ಬ ಹೆಂಗಸು ಅವನಿಗೆ ಒಂದು ಟ್ಯಾಂಕು ಮಾಡಿಕೊಡಲು ಹೇಳಿದಳು. ಭತ್ತ ಬೇಯಿಸಿ ಅಕ್ಕಿ ಮಾಡುವ ಗಿರಣಿಯ ಒಡತಿ ಆಕೆ. ತಂದೆಯಿಂದ ಬಂದ ಗಿರಣಿಯನ್ನು ತಾನೇ ನಿಂತು ನಡೆಸುತ್ತಿದ್ದಳು. ಟ್ಯಾಂಕು ಎರಡಾಳು ಎತ್ತರದ್ದು. ಮೈಯೆಲ್ಲ ಮುಗಿದ ಮೇಲೆ ಆಕೆ ಬಂದು, ಭತ್ತದ ತೊಟ್ಟಿಗಳನ್ನು ಹೆಚ್ಚಿಸುತ್ತಿದ್ದೇನೆ, ಇನ್ನೊಂದು ದಪ್ಪ ಪೈಪಿಗೆ ಬಾಯಿ ಬೇಕು ಎಂದಳು. ಬೇರೆ ಯಾರಾದರೂ ಆಗಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಇವನು ಆಗಲಿ ಎಂದ. ಸೀಮೆಸುಣ್ಣದಿಂದ ದುಂಡಗೆ ಗೆರೆ ಎಳೆದು, ಗೆರೆಯ ಉದ್ದಕ್ಕೂ ಕೊಯ್ದ. ಊಟದ ತಟ್ಟೆಯಷ್ಟು ಅಗಲದ ಉಕ್ಕು ಕಳಚಿ ಬಿತ್ತು.

ಟ್ಯಾಂಕಿಗೆ ಬಾಯಿ ತೆಗೆಯುವುದೆಂದರೆ ತಮಾಷೆಯಲ್ಲ, ಚೆನ್ನವೀರ. ಕೊಯ್ದು ತೆಗೆದ ಆ ಉಕ್ಕು ಅಲ್ಲಿ ಸುಮ್ಮನೆ ಕೂತಿರಲಿಲ್ಲ. ತನ್ನ ಪಾಲಿನ ಒತ್ತಡವನ್ನು ಅದು ತಡೆಯಬೇಕಿತ್ತು. ಅದು ಹೋದ ಮೇಲೆ ಆ ಒತ್ತಡ ಯಾರ ತಲೆಗೆ? ಬಾಯಿಯ ಅಂಚಿನ ತಲೆಗೆ. ಅಂಚು ತನ್ನದನ್ನೂ ಹೊರಬೇಕು, ಹೋದದ್ದರ ಪಾಲನ್ನೂ ಹೊರಬೇಕು. ಅದಕ್ಕೇ ಬಲ್ಲವರು ಎಷ್ಟು ಉಕ್ಕು ಕೊಯ್ದರೋ ಅಷ್ಟನ್ನು ಬಾಯಿಯ ಸುತ್ತಲೇ ತಿರುಗಿ ಕೊಡುತ್ತಾರೆ. ಸುತ್ತಲೇ ಕೊಡಬೇಕು. ಒಂದು ಮಾರು ಆಚೆ ಎಷ್ಟು ದಪ್ಪ ಉಕ್ಕು ಹಾಕಿದರೂ ಅಂಚಿಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಅದಕ್ಕೆ ಬಳೆಯ ಹಾಗೆ ಒಂದು ಉಕ್ಕಿನ ಪಟ್ಟಿ ಕೊಯ್ದು, ಟ್ಯಾಂಕಿನ ಮೈಗೆ ಸರಿಯಾಗಿ ಬಗ್ಗಿಸಿ, ಬಾಯಿಯ ಸುತ್ತ ಕೂರಿಸಿ ವೆಲ್ಡಿಂಗ್ ಮಾಡುತ್ತಾರೆ. ಅವರ ಮಾತಿನಲ್ಲಿ ಅದು ಪ್ಯಾಡ್.

ಮೇಸ್ತ್ರಿ ಅದನ್ನು ಮಾಡಿದ ರೀತಿ ನೋಡಬೇಕಿತ್ತಂತೆ. ಪ್ಯಾಡಿಗೂ ಟ್ಯಾಂಕಿನ ಮೈಗೂ ನಡುವೆ ಕಾಗದ ತೂರುವಷ್ಟೂ ಸಂದಿಲ್ಲ. ಬೆಸುಗೆಯ ಗೆರೆ ಹೂ ಕಟ್ಟಿದಷ್ಟು ಸಮ. ಅವನ ಜೊತೆ ಹದಿನೈದು ವರ್ಷ ಕೆಲಸ ಮಾಡಿದ ಒಬ್ಬ ಹಿರಿಯ ವೆಲ್ಡರ್ ಇದ್ದ, ಯಾರನ್ನೂ ಸುಲಭಕ್ಕೆ ಹೊಗಳುವವನಲ್ಲ. ಅವನೂ ಬೆಸುಗೆಯ ಮೇಲೆ ಬೆರಳಾಡಿಸಿ ತಲೆದೂಗಿದ.

ಆ ಪ್ಯಾಡಿನಲ್ಲಿ ಒಂದು ಸಣ್ಣ ತೂತು ಇರುತ್ತದೆ. ಪೆನ್ಸಿಲ್ ಹೋಗುವಷ್ಟು, ಅಷ್ಟೇ. ಬೇಕೆಂದೇ ಕೊರೆಯುವುದು. ಅದು ಪ್ಯಾಡನ್ನು ಮಾತ್ರ ದಾಟುತ್ತದೆ, ಒಳಗಿನ ಟ್ಯಾಂಕಿನ ಮೈ ಮುಟ್ಟುವುದಿಲ್ಲ. ಮೊದಲು ಅದರಲ್ಲಿ ಗಾಳಿ ಊದಿ ಬೆಸುಗೆಯ ಮೇಲೆ ಸೋಪಿನ ನೀರು ಹಚ್ಚುತ್ತಾರೆ. ಗುಳ್ಳೆ ಎದ್ದರೆ ಬೆಸುಗೆ ಸರಿಯಿಲ್ಲ. ಪರೀಕ್ಷೆ ಆದ ಮೇಲೂ ತೂತನ್ನು ಮುಚ್ಚುವುದಿಲ್ಲ. ತುಕ್ಕು ಹಿಡಿಯದಿರಲಿ ಎಂದು ಒಂದಿಷ್ಟು ಗ್ರೀಸು ಮೆತ್ತಿ ಹಾಗೇ ಬಿಡುತ್ತಾರೆ. ಮುಂದೆ ಎಂದಾದರೂ ಪ್ಯಾಡಿನ ಹಿಂದೆ, ಕಣ್ಣಿಗೆ ಕಾಣದ ಕಡೆ, ಪೈಪನ್ನು ಟ್ಯಾಂಕಿನ ಮೈಗೆ ಕೂಡಿಸಿದ ಬೆಸುಗೆ ಬಿಟ್ಟಿತು ಅನ್ನು. ಉಗಿ ಮೊದಲು ಈ ತೂತಿನಿಂದ ಸಣ್ಣ ಎಳೆಯಾಗಿ ಹೊರಗೆ ಬರುತ್ತದೆ. ನೋಡಿದವನು ಬೆಂಕಿ ಆರಿಸಿ ಜೀವ ಉಳಿಸಿಕೊಳ್ಳುತ್ತಾನೆ.

ಮೇಸ್ತ್ರಿ ಗಾಳಿ ಊದಿದ, ಸೋಪಿನ ನೀರು ಹಚ್ಚಿದ. ಒಂದು ಗುಳ್ಳೆಯೂ ಏಳಲಿಲ್ಲ. ಕೆಲಸದವರನ್ನೆಲ್ಲ ಕರೆದು ತೋರಿಸಿದ. ಆ ದಿನ ಅವನಿಗೆ ಊಟವೂ ಬೇಡವಾಗಿತ್ತಂತೆ.

ಟ್ಯಾಂಕು ಒಯ್ಯಲು ಒಡತಿ ತನ್ನ ನೆಂಟರ ಜೊತೆ ಬಂದಳು. ಅವರಲ್ಲಿ ಒಬ್ಬರು ಹಿರಿಯರು ಟ್ಯಾಂಕಿನ ಸುತ್ತ ಬಂದವರು ಪ್ಯಾಡಿನ ಮುಂದೆ ನಿಂತರು. ಹೊಸ ಟ್ಯಾಂಕಿಗೆ ಈಗಲೇ ತೂತು ಬಿದ್ದಿದೆಯಲ್ಲ ಎಂದು ನಕ್ಕರು. ಉಳಿದವರೂ ನಕ್ಕರು. ಅವರಿಗೇನು ಗೊತ್ತು? ಎರಡು ಮಾತಿನಲ್ಲಿ ತಿಳಿಸಿ ಹೇಳಿದ್ದರೆ ಮುಗಿಯುತ್ತಿತ್ತು. ಮೇಸ್ತ್ರಿ ಹೇಳಲಿಲ್ಲ. ಅವನ ಮುಖ ಕಪ್ಪಿಟ್ಟಿತು. ಇಪ್ಪತ್ತು ವರ್ಷ ಟ್ಯಾಂಕು ಮಾಡಿದವನು ಇವರ ಮುಂದೆ ನಿಂತು ಉತ್ತರ ಕೊಡಬೇಕೇ ಅನ್ನಿಸಿತು. ಅವರು ಚಹಾ ಕುಡಿಯಲು ಆಚೆ ಹೋದಾಗ ವೆಲ್ಡಿಂಗ್ ಹಿಡಿಕೆಯನ್ನು ಕೈಗೆ ತೆಗೆದುಕೊಂಡ.

ಆ ಹಿರಿಯ ವೆಲ್ಡರ್ ಅಡ್ಡ ಬಂದ. ಬೇಡ, ಇದು ಮುಚ್ಚುವ ತೂತಲ್ಲ ಎಂದ.

"ಇದರಲ್ಲಿ ಯಾವತ್ತೂ ಏನೂ ಬರುವುದಿಲ್ಲ. ಬೆಸುಗೆ ನನ್ನದು" ಎಂದ ಮೇಸ್ತ್ರಿ.

"ಏನೂ ಬರುವುದಿಲ್ಲ ಅಂದಮೇಲೆ ತೆರೆದೇ ಇರಲಿ ಬಿಡಿ, ಮೇಸ್ತ್ರಿ. ಅದರಿಂದ ಯಾರಿಗೇನು ತೊಂದರೆ?"

ಎಂಥ ಮಾತು ನೋಡು. ಮಾತಿನಲ್ಲಿ ಸೋತವನು ಏನು ಮಾಡುತ್ತಾನೆ? ಕೋಪ ಮಾಡಿಕೊಳ್ಳುತ್ತಾನೆ. ಅತ್ತ ಸರಿ ಎಂದು ಗದರಿಸಿ ತೂತನ್ನು ಮುಚ್ಚಿದ. ಮೇಲೆ ಉಜ್ಜಿ ನುಣುಪು ಮಾಡಿ ಬಣ್ಣ ಹಚ್ಚಿದ. ಚಹಾ ಕುಡಿದು ಬಂದವರಿಗೆ ತೂತು ಎಲ್ಲಿತ್ತೆಂದೇ ತಿಳಿಯಲಿಲ್ಲ. ಭೇಷ್ ಎಂದರು. ಮೇಸ್ತ್ರಿ ಮೀಸೆ ಮುಟ್ಟಿಕೊಂಡ.

ಟ್ಯಾಂಕು ಗಿರಣಿ ಸೇರಿತು. ಮೂರು ವರ್ಷ ಒಂದು ದಿನವೂ ನಿಲ್ಲದೆ ಕೆಲಸ ಮಾಡಿತು. ಬಿಸಿ ಹೊರಗೆ ಹೋಗದಿರಲಿ ಎಂದು ಅದರ ಮೈಗೆಲ್ಲ ದಪ್ಪ ಹೊದಿಕೆ ಸುತ್ತಿದ್ದರು. ಉಗಿ ಎಬ್ಬಿಸುವ ಒಲೆಗೆ ಉಮಿ ಹಾಕುವುದು, ಒತ್ತಡದ ಮುಳ್ಳನ್ನು ನೋಡುವುದು ಫಕೀರಪ್ಪ ಎಂಬವನ ಕೆಲಸ. ಟ್ಯಾಂಕಿನ ಆ ಹೊಸ ಬಾಯಿಯಿಂದ ಎರಡು ಮೊಳ ದೂರದಲ್ಲಿ ಅವನ ಸ್ಟೂಲು. ಊಟದ ಡಬ್ಬಿಯನ್ನು ಅಲ್ಲೇ ಮೊಳೆಗೆ ನೇತುಹಾಕುತ್ತಿದ್ದ. ದಿನಕ್ಕೆ ಎಂಟು ಗಂಟೆ ಅವನು ಅಲ್ಲಿ ಕೂರುತ್ತಿದ್ದ. ಈ ಕತೆಯಲ್ಲಿ ಉಳಿದವರ ಹೆಸರು ನನಗೆ ಬೇಡ. ಇವನದು ಮಾತ್ರ ನೆನಪಿಟ್ಟುಕೋ.

ಗಿರಣಿಗೆ ಐವತ್ತು ವರ್ಷ ತುಂಬಿತು. ಒಡತಿ ಅಂಗಳದಲ್ಲಿ ಶಾಮಿಯಾನ ಹಾಕಿಸಿ ಊರಿನವರನ್ನೆಲ್ಲ ಕರೆದಳು. ಮೇಸ್ತ್ರಿಗೆ ಸನ್ಮಾನ ಮಾಡಬೇಕೆಂದು ಹಠ ಹಿಡಿದು ಕರೆಸಿದಳು. ಸನ್ಮಾನ ವೇದಿಕೆಯ ಮೇಲೆ ಬೇಡ, ಟ್ಯಾಂಕಿನ ಪಕ್ಕದಲ್ಲೇ ಆಗಲಿ ಎಂದಳು. ಮೇಸ್ತ್ರಿಯ ಹೆಸರಿನ ಹಿತ್ತಾಳೆ ಫಲಕ ಫೋಟೋದಲ್ಲಿ ಕಾಣಬೇಕೆಂದು ಅಷ್ಟು ಭಾಗದ ಹೊದಿಕೆಯನ್ನು ಬಿಚ್ಚಿಸಿದ್ದಳು. ಸುಗ್ಗಿಯ ಕಾಲ, ಅಂದೂ ಒಲೆ ಉರಿಯುತ್ತಿತ್ತು. ಬೆಳಗಿನ ಹನ್ನೊಂದು ಗಂಟೆಗೆ ಇನ್ನೂರು ಜನರ ಎದುರಿಗೆ ಅವನಿಗೆ ಪೇಟ ತೊಡಿಸಿದರು, ಹಾರ ಹಾಕಿದರು, ಶಾಲು ಹೊದಿಸಿದರು. ಹಣ್ಣಿನ ಬುಟ್ಟಿ ಕೊಟ್ಟರು. ಇಂಥ ಕೈ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ ಎಂದು ಮೈಕಿನಲ್ಲಿ ಹೇಳಿದರು.

ಫೋಟೋ ತೆಗೆಯುವವನು ಇನ್ನಷ್ಟು ಒಳಗೆ ಸರಿಯಿರಿ ಎಂದ. ಮೇಸ್ತ್ರಿ ಸರಿದ. ಫಲಕದ ಪಕ್ಕದಲ್ಲೇ ಆ ಪ್ಯಾಡ್ ಇತ್ತು. ಅವನ ಕಣ್ಣು ಅದರ ಮೇಲೆ ಬಿತ್ತು.

ಪ್ಯಾಡಿನ ಮೇಲಿನ ಬಣ್ಣ ಬಿರುಕು ಬಿಟ್ಟಿತ್ತು. ಬಿಸಿಗೆ ಬಣ್ಣ ಬಿರಿಯುವುದುಂಟು. ಅದು ಅವನಿಗೆ ಗೊತ್ತು. ಆದರೂ ಜೇಬಿನಿಂದ ಉಕ್ಕಿನ ಅಳತೆಪಟ್ಟಿ ತೆಗೆದು ಪ್ಯಾಡಿಗೆ ನೆಟ್ಟಗೆ ಹಿಡಿದ. ಪಟ್ಟಿ ಕೂರಲಿಲ್ಲ, ಅತ್ತ ಇತ್ತ ಆಡಿತು. ತಾನು ಕಾಗದ ತೂರದಂತೆ ಕೂರಿಸಿದ್ದ ಪ್ಯಾಡ್ ನಡುವೆ ಉಬ್ಬಿತ್ತು.

ಆ ಇನ್ನೂರು ಜನರಲ್ಲಿ ಅದರ ಅರ್ಥ ತಿಳಿದವನು ಅವನೊಬ್ಬನೇ. ಒಳಗೆ ಬೆಸುಗೆ ಬಿಟ್ಟಿದೆ. ಉಗಿ ಪ್ಯಾಡಿನ ಹಿಂದೆ ಸೇರಿಕೊಂಡಿದೆ. ಹೊರಗೆ ಬರಲು ದಾರಿಯಿಲ್ಲದೆ ಪ್ಯಾಡನ್ನೇ ನೂಕುತ್ತಿದೆ. ಪ್ಯಾಡ್ ಇವತ್ತು ಕಿತ್ತು ಹಾರಬಹುದು, ಇನ್ನೊಂದು ತಿಂಗಳಿಗೆ ಹಾರಬಹುದು. ಅದರ ಎದುರಿಗೆ ಫಕೀರಪ್ಪನ ಸ್ಟೂಲು. ಫಕೀರಪ್ಪ ಆಗಲೂ ಅಲ್ಲೇ ಇದ್ದ. ಫೋಟೋಗೆಂದು ತಲೆ ಬಾಚಿಕೊಂಡು ಬಂದಿದ್ದ.

ಚೆನ್ನವೀರ, ಆ ಮನುಷ್ಯನ ತಲೆಯಲ್ಲಿ ಏನು ಓಡಿತು ಎಂದು ನಾನೇ ಅವನನ್ನು ಕೇಳಿದ್ದೇನೆ. ಸುಮ್ಮನಿರುವುದಕ್ಕೆ ದಾರಿ ಬೇಕಾದಷ್ಟಿತ್ತು. ಫೋಟೋ ತೆಗೆಸಿಕೊಂಡು, ಊಟ ಮಾಡಿ, ಜನ ಚೆದುರಿದ ಮೇಲೆ ಒಡತಿಯನ್ನು ಪಕ್ಕಕ್ಕೆ ಕರೆದು, ನಾಳೆ ಬಂದು ಒಂದು ಸಣ್ಣ ಕೆಲಸ ಮಾಡಿ ಹೋಗುತ್ತೇನೆ ಅಂದಿದ್ದರೆ ಮುಗಿದುಹೋಗುತ್ತಿತ್ತು. ಹೆಸರಿಗೆ ಕಪ್ಪು ಹತ್ತುತ್ತಿರಲಿಲ್ಲ. ಆ ಯೋಚನೆಯೂ ಬಂತು ಎಂದು ನನ್ನ ಮುಂದೆ ಮುಚ್ಚಿಡದೆ ಹೇಳಿದ. ಆದರೆ ಊಟ ಮುಗಿಯುವ ತನಕ ಫಕೀರಪ್ಪ ಅಲ್ಲೇ ಕೂರಬೇಕಲ್ಲ!

ಮೇಸ್ತ್ರಿ ಮೈಕಿನವನ ಕೈಯಿಂದ ಮೈಕು ತೆಗೆದುಕೊಂಡ. ನಾಲ್ಕು ಮಾತಾಡುತ್ತಾನೆ ಎಂದು ಜನ ಚಪ್ಪಾಳೆ ತಟ್ಟಿದರು. ಅವನು ಒಲೆಯ ಬೆಂಕಿ ಹೊರಗೆ ಎಳೆಯಿರಿ, ಎಲ್ಲರೂ ರಸ್ತೆಯವರೆಗೆ ಹೋಗಿ ಎಂದ. ಪೇಟದ ಬಿಸಿ ತಲೆಗೇರಿತೇನೋ ಎಂದು ಹತ್ತಿರದವರು ಅಂದುಕೊಂಡರು. ಒಡತಿ ಬಂದು ಏನಾಯಿತು ಎಂದು ಕೇಳಿದಳು. ಅವನು ಮೈಕನ್ನು ಕೆಳಗಿಡಲಿಲ್ಲ.

"ಅಕ್ಕಾವರೇ, ಈ ಬೆಸುಗೆ ನಾನು ಮಾಡಿದ್ದು. ಒಳಗೆ ಬಿಟ್ಟಿದೆ. ಬಿಟ್ಟರೆ ಗೊತ್ತಾಗಲಿ ಎಂದು ಇಲ್ಲಿ ಒಂದು ತೂತು ಇತ್ತು. ಅದನ್ನು ಮುಚ್ಚಿದವನೂ ನಾನೇ."

ಇಷ್ಟು ಹೇಳಿ ಹಾರ ತೆಗೆದ, ಪೇಟ ತೆಗೆದ. ಶಾಲನ್ನು ಮಡಿಸಿ ಆಕೆಯ ಕೈಗೆ ಕೊಟ್ಟ. ಆಕೆ ಎರಡನೆಯ ಪ್ರಶ್ನೆ ಕೇಳಲಿಲ್ಲ. ಜನರನ್ನೆಲ್ಲ ತಾನೇ ಮುಂದೆ ನಿಂತು ಹೊರಗೆ ಕಳಿಸಿದಳು. ಗಟ್ಟಿ ಹೆಂಗಸು.

ಬೆಂಕಿ ಎಳೆದು ಉಗಿ ಬಿಡುವುದು ಫಕೀರಪ್ಪನ ಕೆಲಸ. ಮೇಸ್ತ್ರಿ ಅವನನ್ನೂ ರಸ್ತೆಗೆ ಅಟ್ಟಿದ. ಅವನು ಹೋಗಲಿಲ್ಲ, ಈ ಒಲೆಯ ಸ್ವಭಾವ ನಿಮಗೆ ಗೊತ್ತಿಲ್ಲ ಎಂದ. ಇಬ್ಬರೂ ಸೇರಿ ಕೆಂಡ ಹೊರಗೆಳೆದರು. ಉಗಿಯನ್ನು ಅವಸರ ಮಾಡದೆ ಮೆಲ್ಲಗೆ ಹೊರಗೆ ಬಿಟ್ಟರು. ಮುಳ್ಳು ಕೆಳಗಿಳಿಯಲು ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆ ಮೇಸ್ತ್ರಿ ಪ್ಯಾಡಿಗೂ ಫಕೀರಪ್ಪನಿಗೂ ನಡುವೆ ನಿಂತಿದ್ದ. ಉಕ್ಕು ಹಾರಿ ಬಂದರೆ ಒಬ್ಬ ಮನುಷ್ಯನ ಮೈ ಅದನ್ನು ತಡೆಯುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ನಿಂತ.

ಮುಳ್ಳು ಸೊನ್ನೆಗೆ ಬಂದು, ಟ್ಯಾಂಕು ಆರಿದ ಮೇಲೆ, ಮೇಸ್ತ್ರಿ ಡ್ರಿಲ್ ತರಿಸಿದ. ತೂತು ಎಲ್ಲಿತ್ತೆಂದು ಅವನು ಹುಡುಕಬೇಕಾಗಿರಲಿಲ್ಲ. ಮೊದಲು ಅಷ್ಟಷ್ಟೇ ಕೊರೆದು, ಆಮೇಲೆ ಪೂರಾ ತೆರೆದ. ಒಳಗಿನಿಂದ ತುಕ್ಕಿನ ಬಣ್ಣದ ನೀರು ಸುರಿಯಿತು. ಮೊದಲು ಉಸ್ಸೆಂದು ಬಂತು, ಆಮೇಲೆ ಧಾರೆಯಾಗಿ ಇಳಿಯಿತು. ಮೇಸ್ತ್ರಿ ಹೊರಗೆ ಹೋಗಿ ಜನರನ್ನು ಕರೆದು ತಂದ. ಬನ್ನಿ, ನೋಡಿ ಎಂದು ಒಬ್ಬೊಬ್ಬರಿಗೂ ತೋರಿಸಿದ. ತೂತು ಏಕೆ ಬೇಕು, ಅದನ್ನು ಮುಚ್ಚಿದ್ದರಿಂದ ಏನಾಯಿತು ಎಂದು ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಿದ. ಅಂದು ಎರಡು ಮಾತು ಹೇಳಲು ನಾಚಿಕೆಪಟ್ಟವನು ಇಂದು ಇನ್ನೂರು ಸಲ ಹೇಳಿದ.

ಒಂದು ವಿಷಯ ಆಮೇಲೆ ಗೊತ್ತಾಯಿತು. ಗಿರಣಿಯವರು ಆ ದಪ್ಪ ಪೈಪಿಗೆ ಕೆಳಗಿನಿಂದ ಆಸರೆ ಕೊಟ್ಟಿರಲಿಲ್ಲ. ಪೈಪು ಮೂರು ವರ್ಷ ಅಲುಗಾಡಿ ಅಲುಗಾಡಿ ಬೆಸುಗೆಯನ್ನು ಬಿಡಿಸಿತ್ತು. ರಿಪೇರಿಗೆಂದು ಜೊತೆಗೆ ಬಂದಿದ್ದ ಹಿರಿಯ ವೆಲ್ಡರ್ ಅದನ್ನು ನೋಡಿ, ತಪ್ಪು ನಮ್ಮದಲ್ಲ ಮೇಸ್ತ್ರಿ, ಜನರಿಗೆ ಹೇಳೋಣ ಎಂದ. ಮೇಸ್ತ್ರಿ ಒಪ್ಪಲಿಲ್ಲ. ಬೆಸುಗೆ ಬಿಟ್ಟದ್ದು ಅವರಿಂದ ಇರಬಹುದು, ಅದು ಗೊತ್ತಾಗದೇ ಉಳಿದದ್ದು ನನ್ನಿಂದ ಎಂದ. ಹಳೆಯ ಪ್ಯಾಡ್ ಕಿತ್ತು, ಒಳಗಿನ ಬೆಸುಗೆಯನ್ನು ಕೆತ್ತಿ ಹೊಸದಾಗಿ ಮಾಡಿದ. ಪೈಪಿಗೆ ಆಸರೆ ಕಟ್ಟಿದ. ಹೊಸ ಪ್ಯಾಡಿನಲ್ಲಿ ತೂತು ಕೊರೆದು, ಅದರ ಸುತ್ತ ಕೆಂಪು ಬಣ್ಣದ ಗೆರೆ ಬರೆದ. ಅಲ್ಲಿ ಹೊದಿಕೆ ಸುತ್ತಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದ. ಇಲ್ಲಿ ಏನಾದರೂ ಹನಿ ಕಂಡರೆ ಯಾರನ್ನೂ ಕೇಳಬೇಡ, ಮೊದಲು ಬೆಂಕಿ ಎಳೆ ಎಂದು ಫಕೀರಪ್ಪನಿಗೆ ತಿಳಿಸಿದ.

ಕೆಲಸ ಮುಗಿದ ಸಂಜೆ ಒಡತಿ ಆ ಶಾಲು ಹಿಡಿದು ಬಂದಳು. ಶಾಮಿಯಾನ ಇರಲಿಲ್ಲ, ಮೈಕು ಇರಲಿಲ್ಲ. ಫಕೀರಪ್ಪ ಒಬ್ಬ ಇದ್ದ. ಮಸಿಯ ಕೈಯಲ್ಲಿ ನಿಂತಿದ್ದ ಮೇಸ್ತ್ರಿಗೆ ಆಕೆ ಅದನ್ನು ಹೊದಿಸಿದಳು. ಅವನು ಬೇಡ ಎನ್ನಲಿಲ್ಲ, ಬೆನ್ನು ನೆಟ್ಟಗೆ ಮಾಡಿ ಹೊದ್ದುಕೊಂಡ. ಆ ಸನ್ಮಾನಕ್ಕೆ ಫೋಟೋ ಇಲ್ಲ. ಅದನ್ನು ನನಗೆ ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು, ಕೈ ಮೀಸೆಯ ಮೇಲಿತ್ತು.

ಗುರುಗಳು ಕತೆಯನ್ನು ಅಲ್ಲಿಗೆ ಮುಗಿಸಿದರು.

ಅಂತೂ ಅವನ ಹೆಮ್ಮೆ ಅಂದು ಮುರಿಯಿತು, ಹೆಮ್ಮೆ ಒಳ್ಳೆಯದಲ್ಲ ಎಂದು ತಾವು ಹೇಳಿದ ಹಾಗಾಯಿತು ಎಂದ ಚೆನ್ನವೀರ.

ಗುರುಗಳಿಗೆ ಸಿಟ್ಟು ಬಂತು. ಇಷ್ಟು ಹೊತ್ತು ಕಿವಿ ಎಲ್ಲಿಟ್ಟಿದ್ದೆ ಎಂದು ಗದರಿಸಿದರು. ಮುರಿಯುವುದೇನು ಬಂತು, ಆ ಮನುಷ್ಯ ಇವತ್ತಿಗೂ ತನ್ನ ಟ್ಯಾಂಕಿನ ಮುಂದೆ ಎದೆಯುಬ್ಬಿಸಿ ನಿಲ್ಲುತ್ತಾನೆ, ನಿಲ್ಲಲಿ, ನಿಲ್ಲಬೇಕು ಎಂದರು. ಆಮೇಲೆ ದನಿ ತಗ್ಗಿಸಿದರು.

"ನೀನೂ ಹೆಮ್ಮೆಪಡು, ಚೆನ್ನವೀರ. ಆದರೆ ಪ್ರವಚನ ಮುಗಿದ ಮೇಲೆ ಕೇಳುಗರು ಎದ್ದು ನಿಂತು ಪ್ರಶ್ನೆ ಕೇಳುವುದು ನಮ್ಮ ಮಠದ ಪದ್ಧತಿ. ನೀನು ಒಪ್ಪಿಸಿದ್ದರಲ್ಲಿ ಒಂದು ಪ್ರಶ್ನೆಯೂ ಇರಲಿಲ್ಲ. ಆ ಪದ್ಧತಿಯನ್ನು ಎಷ್ಟನೆಯ ದಿನ ನಿಲ್ಲಿಸಿದೆ?"